ಲೀರಾಯರಿಗೆ ಪೇಟಿ ಸಾಥ್ ಯಾರು?

ಶನಿವಾರ ಬೆಳಿಗ್ಗೆ ಸಿಡ್ನಿಯ ಲಿವರ್‌ಪೂಲ್‌ನ ನಮ್ಮ ಮನೆಯಿಂದ ಹೊರಟು ಕ್ಯಾಂಪ್‌ಬೆಲ್‌ಟೌನ್‌ನಲ್ಲಿ ಮೆಲ್ಬರ್ನ್ ರೈಲು ಹತ್ತಿದೆವು. ವಿಮಾನದಲ್ಲಾದರೆ ಒಂದೂವರೆ ಗಂಟೆ, ರೈಲಿಗೆ ಹತ್ತು ಗಂಟೆಗೂ ಮಿಕ್ಕಿ ಬೇಕು. ಆದರೆ ನನ್ನ ಹೆಂಡತಿ ಸವಿತಾ ರೈಲೇ ಆಗಬೇಕೆಂದು ಹಟ ಹಿಡಿದಿದ್ದಳು. ದಾರಿಯುದ್ದಕ್ಕೂ ಅವನ ಹಾಡು ಕೇಳುತ್ತ ಹೋಗಬೇಕಂತೆ. ಅವನೆಂದರೆ ಲೀರಾಯ್, ಅಮೆರಿಕದ ಹಳೆಯ ರಿದಮ್ ಅಂಡ್ ಬ್ಲೂಸ್ ಗಾಯಕ. ಮೆಲ್ಬರ್ನಿನಲ್ಲಿ ಅವನ ನೆನಪಿಗೊಂದು ಕಾರ್ಯಕ್ರಮವಿತ್ತು. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ನನಗೂ ಗೊತ್ತು. ಆದರೂ ಪಡುತ್ತೇನೆ.

ಇದರ ಬೇರು ಧಾರವಾಡದಲ್ಲಿದೆ. ಸವಿತಾಳ ಅಣ್ಣ ಮುಂಬೈಯಿಂದ ಅವನದೊಂದು ಕ್ಯಾಸೆಟ್ ತಂದಿದ್ದ. ಅದರ ಮೇಲೆ ಅವಳ ತಂದೆ ದುಂಡಗಿನ ಅಕ್ಷರದಲ್ಲಿ ‘ಶ್ರೀ ಲೀರಾಯರು’ ಎಂದು ಬರೆದಿಟ್ಟಿದ್ದರು. ಅಂದಿನಿಂದ ಮನೆಮಂದಿಗೆಲ್ಲ ಅವನು ಲೀರಾಯರೇ ಆದ. ನಾನು ಕನ್ಯೆ ನೋಡಲು ಹೋದ ದಿನ ಸವಿತಾ ಕೇಳಿದ್ದು ಒಂದೇ ಪ್ರಶ್ನೆ: “ಲೀರಾಯರ ಹಾಡು ಕೇಳೀರೇನು?”

ಧಾರವಾಡದಲ್ಲಿ ಓಣಿಗೊಬ್ಬ ಗವಾಯಿ. ಇವರೂ ಯಾರೋ ಹಿಂದುಸ್ತಾನಿ ಹಾಡುವ ಹಿರಿಯರಿರಬೇಕು ಎಂದುಕೊಂಡೆ. “ಕೇಳದ ಏನ್ರಿ! ಭಾಳ ಛಲೋ ಹಾಡ್ತಾರ. ಅವರಿಗೆ ಪೇಟಿ ಸಾಥ್ ಯಾರು ಕೊಡ್ತಾರ?” ಎಂದು ಹಾರ್ಮೋನಿಯಂ ನುಡಿಸುವವರ ಬಗ್ಗೆಯೂ ವಿಚಾರಿಸಿಬಿಟ್ಟೆ. ಅವಳು ತಲೆ ತಗ್ಗಿಸಿದಳು. ಮರುದಿನ ಒಪ್ಪಿಗೆ ಬಂತು.

ಮದುವೆಯ ನಂತರ ಆ ಕ್ಯಾಸೆಟ್ ಕೇಳಿದಾಗಲೇ ನನಗೆ ನನ್ನ ತಪ್ಪು ತಿಳಿದದ್ದು. ಬಾಯಿಬಿಡುವ ಧೈರ್ಯವಾಗಲಿಲ್ಲ. ಅವಳು ಹೂಂ ಅಂದದ್ದು ನನಗಲ್ಲ, ಲೀರಾಯರ ಅಭಿಮಾನಿಗೆ ಎಂಬ ಮಾತು ಇಪ್ಪತ್ತಾರು ವರ್ಷದಿಂದ ಮುಳ್ಳಿನಂತೆ ಚುಚ್ಚುತ್ತಿದೆ. ನಿಜ ಗೊತ್ತಾದರೆ ನನ್ನ ಪಾಲಿಗೆ ಏನು ಉಳಿಯುತ್ತದೆ ಎಂಬ ಭಯ ಬೇರೆ.

ಗೋಲ್‌ಬರ್ನ್ ಬಂದರೂ ಹುಲ್ಲಿನ ಮೇಲಿನ ಹಿಮ ಪೂರ್ತಿ ಕರಗಿರಲಿಲ್ಲ. ಯಾಸ್ ದಾಟಿದ ಮೇಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದೆವು. ವಾಗಾ ವಾಗಾದಲ್ಲಿ ಕಾಲು ಜಾಡಿಸಲು ಇಳಿದು ಮರಳಿ ಬಂದರೆ ಸವಿತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದಳು. ನಾನು ಇಳಿದದ್ದೂ ಅವಳಿಗೆ ಗೊತ್ತಿಲ್ಲ, ಹತ್ತಿದ್ದೂ ಗೊತ್ತಿಲ್ಲ. ನನ್ನನ್ನು ನೋಡಿ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳುತ್ತ ಆಲ್ಬರಿಯ ಗಡಿ ದಾಟಿದೆ.

ಆ ರಾತ್ರಿ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುತ್ತಿರುವ ಮಗಳು ಅದಿತಿಯ ಬಾಡಿಗೆ ಮನೆಯಲ್ಲಿ ಉಳಿದೆವು. ಟಿಕೆಟ್ ಬುಕ್ ಮಾಡಿದವಳು ಅವಳೇ. ಭಾನುವಾರ ಮಧ್ಯಾಹ್ನ ಹೊರಡುವಾಗ ನನ್ನ ಮುಖ ನೋಡಿ, “ಅಪ್ಪಾ, ಪ್ಲೀಸ್ ಬಿಹೇವ್” ಎಂದಳು.

ಸಣ್ಣ ಸಭಾಂಗಣ. ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ಅವನ ಬದುಕನ್ನು ಬಣ್ಣಿಸಿದರು. ಹತ್ತಿ ಬಿಡಿಸುವವರ ಮಗ. ಚರ್ಚಿನಲ್ಲಿ ಕಲಿತ ದೇವರ ಹಾಡಿನ ಧಾಟಿಯಲ್ಲೇ ಪ್ರೇಮದ ಹಾಡು ಹಾಡಿದ್ದಕ್ಕೆ ಚರ್ಚಿನವರು ಹೊರಗೆ ಹಾಕಿದರಂತೆ. ಮೂರು ಮದುವೆ ಎಂದಾಗ ನಾನು ಉತ್ಸಾಹದಿಂದ ಸವಿತಾಳ ಕಡೆ ತಿರುಗಿದೆ. ಅವಳು “ಅಯ್ಯ ಪಾಪ” ಎಂದು ಕಣ್ಣೊರೆಸಿಕೊಂಡಳು. ಆಮೇಲೆ ವಿದ್ಯಾರ್ಥಿಗಳು ಹಾಡಿದರು. ಸ್ವರ ಬಿಕ್ಕಿದಂತೆ ತಡೆದು ಬಿಡುವ ಒಂದು ರೀತಿ ಎಲ್ಲರ ಗಂಟಲಲ್ಲೂ ಇತ್ತು. “ಈಗಿನ ಸಿಂಗರ್ಸ್ ಎಲ್ಲಾ ಕಾಪಿ ಮಾಡೋದು ಇವರನ್ನೇ” ಎಂದು ಅದಿತಿ ಪಿಸುಗುಟ್ಟಿದಳು. ಒಬ್ಬ ಸಾಲದೆಂದು ಇಷ್ಟು ಜನ.

ಕೊನೆಗೆ ಪರದೆಯ ಮೇಲೆ ಒಂದು ಹಳೆಯ ಫೋಟೋ ಬಂತು. ಕಾಲಿನಿಂದ ತುಳಿದು ನುಡಿಸುವ ಪೇಟಿಯ ಮುಂದೆ ಒಬ್ಬ ಹೆಂಗಸು, ಪಕ್ಕದಲ್ಲಿ ಬಾಯಿ ತೆರೆದು ನಿಂತ ಮಗು. ಸವಿತಾಗೆ ನಗು ತಡೆಯಲಾಗಲಿಲ್ಲ. ನನ್ನ ತೋಳು ಹಿಂಡಿ ಕಿವಿಯಲ್ಲಿ, “ನೋಡ್ರಿ, ಪೇಟಿ ಸಾಥ್ ಅವರ ಅವ್ವಂದು!” ಎಂದಳು.

ಹೊರಗೆ ಬಂದೊಡನೆ ಅವಳನ್ನು ಪಕ್ಕಕ್ಕೆ ಕರೆದೆ.

“ನಿನಗ ಗೊತ್ತಿತ್ತೇನು?”

“ಅವತ್ತ ಗೊತ್ತಾತು. ನಗು ಬರ್ತದಂತ ತಲಿ ತಗ್ಗಿಸಿ ಕೂತಿದ್ದೆ.”

“ಮತ್ತ ಹೂಂ ಯಾಕ ಅಂದಿ?”

“ನಿಮಗಿಂತ ಮೊದಲ ಬಂದ ಇಬ್ಬರೂ ಲೀರಾಯರು ಅಂದ್ರ ಯಾರು ಅಂತ ಸುದ್ದಾ ಕೇಳಲಿಲ್ಲ, ನಿನಗ ಅಡಿಗಿ ಬರ್ತದೇನು ಅಂದ್ರು. ನೀವು ಸುಳ್ಳ ಹೇಳಿದ್ರೂ ಹಾಡಿನ ಮಾತ ಮುಂದ ನಡಿಸಿದ್ರಿ.”

ಸೋಮವಾರ ನಾರ್ತ್ ಸಿಡ್ನಿಯ ಆಫೀಸಿಗೆ ರಜೆ ಹಾಕಿ ಅದೇ ರೈಲಿನಲ್ಲಿ ಹಿಂತಿರುಗಿದೆವು. ಮುಳ್ಳು ಕಿತ್ತು ಬಂದಿತ್ತು. ಅವಳು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟಳು. ಇಷ್ಟು ವರ್ಷ ಆ ಹಾಡು ಶುರುವಾದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಪೂರ್ತಿ ಕೇಳಿದೆ. ಹಾಳಾದವನು, ಚೆನ್ನಾಗಿಯೇ ಹಾಡುತ್ತಾನೆ. ಎಷ್ಟು ಚೆನ್ನಾಗಿ ಎಂದರೆ, ಕ್ಯಾಂಪ್‌ಬೆಲ್‌ಟೌನ್ ಹತ್ತಿರವಾಗುತ್ತಿದ್ದಂತೆ ಇನ್ನೊಂದು ಪ್ರಶ್ನೆ ತಡೆಯಲಾಗಲಿಲ್ಲ.

“ಅಲ್ಲಾ, ಆವತ್ತು ಕನ್ಯಾ ನೋಡಾಕ ನನ್ನ ಬದಲಿ ಲೀರಾಯರ ಬಂದಿದ್ರ ಏನಂತಿದ್ದಿ?”

ಸವಿತಾ ಕಿಟಕಿಯಾಚೆ ನೋಡಿದಳು. ಬಹಳ ಹೊತ್ತು ಯೋಚಿಸಿದಳು. ಅಷ್ಟು ಯೋಚಿಸುವ ಅಗತ್ಯವಿರಲಿಲ್ಲ.

“ಅವರಿಗೆ ಕನ್ನಡ ಬರೂದಿಲ್ಲಲ್ರೀ” ಎಂದಳು.

‘ಬರುತ್ತಿದ್ದರೆ?’ ಎಂದು ಕೇಳದೆ, ಬ್ಯಾಗು ಎತ್ತಿಕೊಂಡು ಇಳಿದೆ.