ಹುಳದಕ್ಕನ ಮುದ್ದಿನ ಹುಳಗಳು

ನಮ್ಮ ಫಾರ್ಮಿನಲ್ಲಿ ಬೆಳೆ ಬೆಳೆಯುತ್ತಿದ್ದದ್ದು ಮಾರುವುದಕ್ಕಲ್ಲ, ತಿನ್ನುವುದಕ್ಕೂ ಅಲ್ಲ. ಬೆಳೆದ ಬೆಳೆಗೆ ನಾವೇ ಹುಳ ಬಿಟ್ಟು, ಆಮೇಲೆ ಯಾರೋ ಕಳಿಸಿದ ಔಷಧಿ ಹೊಡೆದು, ಸತ್ತದ್ದೆಷ್ಟು ಉಳಿದದ್ದೆಷ್ಟು ಎಂದು ಎಣಿಸಿ ಬರೆದುಕೊಡುವುದಕ್ಕೆ. ಕಂಪನಿಗಳು ಹೆಸರಿಲ್ಲದ ಬಾಟಲಿಗಳಿಗೆ ನಂಬರು ಅಂಟಿಸಿ ಕಳಿಸುತ್ತಿದ್ದವು. ನಾವು ಮೊದಲು ಗ್ರೀನ್‌ಹೌಸಿನ ಕುಂಡಗಳಲ್ಲಿ, ಆಮೇಲೆ ಹೊಲದ ಮಡಿಗಳಲ್ಲಿ ಪರೀಕ್ಷೆ ಮಾಡಿ ವರದಿ ಕಳಿಸುತ್ತಿದ್ದೆವು. ಆ ವರದಿ ಟೈಪ್ ಮಾಡುತ್ತಿದ್ದವನು ನಾನು. ‘ಅತ್ಯುತ್ತಮ’ ಎಂಬ ಪದವನ್ನು ಎಷ್ಟು ಸಲ ಕುಟ್ಟಿದ್ದೆನೆಂದರೆ, ಬೆರಳುಗಳು ನನ್ನನ್ನು ಕೇಳದೆಯೇ ಅದನ್ನು ಹೊಡೆದುಬಿಡುತ್ತಿದ್ದವು.

ಔಷಧಿ ಬಂದರೆ ಸಾಲದು, ಹುಳವೂ ಬರಬೇಕಲ್ಲ. ಬೇಡವೆಂದಾಗ ದಂಡುಕಟ್ಟಿ ಬರುವ ಎಲೆಕೋಸಿನ ಹಸಿರು ಹುಳ, ನಮಗೆ ಬೇಕಾದ ವಾರ ನೋಡಿ ಕೈಕೊಡುತ್ತಿತ್ತು. ಒಂದು ಋತುವಿನಲ್ಲಂತೂ ಮಡಿಗಳಲ್ಲಿ ಒಂದು ಹುಳವೂ ಕಾಣದೆ ಕೋಸು ನಳನಳಿಸಿಬಿಟ್ಟಿತು, ಮ್ಯಾನೇಜರರು ತಲೆಯ ಮೇಲೆ ಕೈಹೊತ್ತು ಕೂತರು. ಒಳ್ಳೆಯ ಬೆಳೆ ಬಂತೆಂದು ಗೋಳಾಡಿದ ಜನರನ್ನು ನಾನು ಅಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಮರುವರ್ಷದಿಂದ ಹುಳ ಸಾಕುವುದಕ್ಕೆಂದೇ ಒಬ್ಬಳನ್ನು ಕೆಲಸಕ್ಕೆ ಇಟ್ಟುಕೊಂಡರು. ಅವಳೇ ಹುಳದಕ್ಕ.

ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಗ್ರೀನ್‌ಹೌಸಿನ ಹಿಂದುಗಡೆಯ ಕೋಣೆ ಅವಳದು. ಅಲ್ಲಿ ಬಲೆ ಹೊದಿಸಿದ ಹನ್ನೆರಡು ಪಂಜರಗಳು, ಪಂಜರದೊಳಗೆ ತಟ್ಟೆಗಳಲ್ಲಿ ಸಾಸಿವೆ ಪೈರು, ಪೈರಿನ ತುಂಬ ಹುಳ. ಹುಳ ಕೋಶ ಕಟ್ಟಿ ಪತಂಗವಾದ ಮೇಲೆ ಅವಕ್ಕೆ ಜೇನುತುಪ್ಪ ಬೆರೆಸಿದ ನೀರಿನಲ್ಲಿ ಅದ್ದಿದ ಹತ್ತಿ. ಮೊಟ್ಟೆ ಇಡುವುದಕ್ಕೆ ಕೋಸಿನ ರಸ ಸವರಿದ ಬೆಳ್ಳಿಕಾಗದದ ಪಟ್ಟಿಗಳು. ಎಳೆ ಹುಳವನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಚಿತ್ರ ಬರೆಯುವ ಸಣ್ಣ ಕುಂಚದಲ್ಲಿ ಎತ್ತಿ ಎತ್ತಿ ಇಡಬೇಕು. ನಮ್ಮ ಮನೆಯಲ್ಲಿ ಮೊದಲ ಮಗು ಹುಟ್ಟಿದಾಗ ಅದಕ್ಕೆ ಇಷ್ಟು ಉಪಚಾರ ನಡೆದಿರಲಿಲ್ಲ.

ಆ ಕೋಣೆಗೆ ಕಾಲಿಡಬೇಕಾದರೆ ನೂರೆಂಟು ಕಟ್ಟಳೆ. ಔಷಧಿ ಹೊಡೆಯುವ ಪಂಪಿನವನಿಗೆ ಬಾಗಿಲ ಹತ್ತಿರಕ್ಕೂ ಪ್ರವೇಶವಿಲ್ಲ. ಒಮ್ಮೆ ನಾನು ಸೆಂಟು ಹಾಕಿಕೊಂಡು ಹೋಗಿ ಬೈಸಿಕೊಂಡೆ.

“ಮದುವೆ ಮನೆಗೆ ಬಂದಿದೀಯೇನೋ ತಮ್ಮ? ಹೋಗಿ ತೊಳ್ಕೊಂಡು ಬಾ. ಇವು ಎಳೇವು, ತಡ್ಕೊಳಲ್ಲ.”

“ಅಕ್ಕ, ನಾಳಿದ್ದು ಇವಕ್ಕೆ ವಿಷ ಹೊಡೀತಾರೆ. ನನ್ನ ಸೆಂಟಿಗೆ ಯಾಕೆ ಸಿಟ್ಟು?”

“ನಾಳಿದ್ದಿಂದು ನಾಳಿದ್ದು. ಸಾಯೋವರೆಗೂ ಇವಕ್ಕೆ ತಲೆನೋವೂ ಬರಬಾರದು.”

ಹೀಗೆ ಹನ್ನೊಂದು ವರ್ಷ. ಹುಳದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ನೂರೆಂಬತ್ತು ತಲೆಮಾರು. ಅವಳು ಸಾಕಿದ ಹುಳ ಎಂದರೆ ನೋಡುವಂತಿರುತ್ತಿದ್ದವು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ಔಷಧಿ ಬಿದ್ದ ಕೂಡಲೇ ಮರುಮಾತಿಲ್ಲದೆ ಸಾಯುತ್ತಿದ್ದವು. ನೂರಕ್ಕೆ ತೊಂಬತ್ತೈದು, ತೊಂಬತ್ತೇಳು, ಒಮ್ಮೊಮ್ಮೆ ನೂರಕ್ಕೆ ನೂರು. ಯಾವ ಕಂಪನಿಯ ಬಾಟಲಿ ಬಂದರೂ ನಮ್ಮಲ್ಲಿ ಫೇಲಾದದ್ದಿಲ್ಲ. ಇದರಿಂದ ಫಾರ್ಮಿಗೆ ಒಳ್ಳೆಯ ಹೆಸರು ಬಂತು, ಹೆಸರಿನಿಂದ ಬಾಟಲಿಗಳು ಬಂದವು, ಮ್ಯಾನೇಜರರಿಗೆ ತಿರುಗುವ ಕುರ್ಚಿ ಬಂತು. ಹುಳದಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಚಪ್ಪಾಳೆ ತಟ್ಟಿದೆವು. ನಮ್ಮಲ್ಲಿ ಯಾರಿಗಾದರೂ, ಹನ್ನೊಂದು ವರ್ಷದಲ್ಲಿ ಒಂದಾದರೂ ಕೆಟ್ಟ ಔಷಧಿ ಬರಬೇಡವೇ ಎಂದು ಅನಿಸಿತೇ? ಇಲ್ಲ. ನನಗಂತೂ ಅನಿಸಲಿಲ್ಲ, ಅನಿಸಬಾರದು ಎಂದು ನಾನೇ ತಡೆದುಕೊಂಡಿದ್ದೆ ಅಂತ ಈಗ ಹೇಳಬಲ್ಲೆ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಹುಳದಕ್ಕನ ಮೈದುನ ಆಫೀಸಿಗೆ ನುಗ್ಗಿದ. ಕೋಸು ಬೆಳೆಯುವ ಮನುಷ್ಯ, ಜೋರು ಬಾಯಿ. ಕೈಚೀಲದಿಂದ ಒಂದು ಕೋಸು ತೆಗೆದು ನನ್ನ ಮೇಜಿನ ಮೇಲೆ ಕುಕ್ಕಿದ. ಅದು ಕೋಸು ಎಂದು ಅವನೇ ಹೇಳಬೇಕಾಗಿತ್ತು. ಎಲೆಯೆಲ್ಲ ತೂತು, ತೂತಿನಿಂದ ತೂತಿಗೆ ಹುಳಗಳ ಓಡಾಟ. ಅದರ ಪಕ್ಕಕ್ಕೆ ಒಂದು ಔಷಧಿ ಡಬ್ಬಿ ಇಟ್ಟ. ಡಬ್ಬಿಯ ಮೇಲಿನ ಚೀಟಿಯಲ್ಲಿ ನಮ್ಮ ಫಾರ್ಮಿನ ಹೆಸರು, ಕೆಳಗೆ ‘ಪರೀಕ್ಷೆಯಲ್ಲಿ ಶೇಕಡಾ ತೊಂಬತ್ತೇಳು’ ಎಂಬ ಅಕ್ಷರ. ಅಂಕಿ ನನ್ನದೇ, ಗುರುತು ಹಿಡಿದೆ.

ಹುಳದಕ್ಕ ಒಳಗಿನಿಂದ ಬಂದಳು.

“ಅತ್ತಿಗೆ, ನಿಮ್ಮ ಮಾತು ನಂಬಿ ಇದನ್ನ ಮೂರು ಸಲ ಹೊಡೆದೆ,” ಎಂದ ಮೈದುನ. “ಹುಳ ಸಾಯೋದಿರಲಿ, ಮೈಕೈ ತೊಳೆಸಿಕೊಂಡಂಗೆ ಇನ್ನಷ್ಟು ಚುರುಕಾದವು. ನೀವು ಇಲ್ಲಿ ಅದೇನು ಪರೀಕ್ಷೆ ಮಾಡ್ತೀರೋ, ಯಾವ ಹುಳದ ಮೇಲೆ ಮಾಡ್ತೀರೋ!”

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯೋ ಕೋಪವೋ ಬರುತ್ತಿತ್ತು. ಅಕ್ಕ ಬಗ್ಗಿ ಹುಳವನ್ನೇ ನೋಡತೊಡಗಿದಳು. “ಎಷ್ಟು ಗಟ್ಟಿಮುಟ್ಟಾಗಿವೆ ನೋಡೋ,” ಎಂದಳು ನನಗೆ. ದನಿಯಲ್ಲಿ ಹೊಟ್ಟೆಕಿಚ್ಚಿತ್ತು.

ಕೋಸನ್ನೂ ಡಬ್ಬಿಯನ್ನೂ ತನ್ನ ಕೋಣೆಗೆ ಒಯ್ಯಲಿಲ್ಲ, ಕಟ್ಟಳೆ ಕಟ್ಟಳೆಯೇ. ನನ್ನ ಮೇಜಿನ ಮೇಲೆಯೇ ಎರಡು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಎರಡಕ್ಕೂ ಅದೇ ಔಷಧಿಯಲ್ಲಿ ಅದ್ದಿ ಆರಿಸಿದ ಎಲೆ. ಒಂದರಲ್ಲಿ ತನ್ನ ಹತ್ತು ಹುಳ, ಇನ್ನೊಂದರಲ್ಲಿ ಮೈದುನನ ಹತ್ತು. ನಾನು ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಅವಳ ಹತ್ತೂ ಸುರುಟಿಕೊಂಡು ಬಿದ್ದಿದ್ದವು. ಮೈದುನನವು ಎಲೆ ತಿನ್ನುತ್ತಿದ್ದವು. ಮರುದಿನ ಎಲೆಯ ನರ ಮಾತ್ರ ಉಳಿದಿತ್ತು. ನಾಲ್ಕನೆಯ ದಿನ ಒಂಬತ್ತು ಹುಳ ಕೋಶ ಕಟ್ಟಿಕೊಂಡು ಮಲಗಿದವು, ಹತ್ತನೆಯದು ಡಬ್ಬಿಯ ಮುಚ್ಚಳದಿಂದ ತಪ್ಪಿಸಿಕೊಂಡು ನನ್ನ ಫೈಲಿನೊಳಗೆ ಸೇರಿತ್ತು.

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

“ಹೊರಗಿನವು ವರ್ಷ ವರ್ಷ ವಿಷ ಕುಡಿದು ಉಳಿದುಕೊಂಡವುಗಳ ಮಕ್ಕಳು ಕಣೋ. ನನ್ನವು ಹನ್ನೊಂದು ವರ್ಷದಿಂದ ಜೇನುತುಪ್ಪ ಕುಡಿದವುಗಳ ಮಕ್ಕಳು. ಗದರಿಸಿದರೂ ಸಾಯ್ತವೆ. ನಿನ್ನ ತೊಂಬತ್ತೇಳು ಔಷಧಿದಲ್ಲ, ನನ್ನ ಸಾಕಣೆದು.”

ನನಗೆ ನಗು ಬಂತು, ಆಮೇಲೆ ಔಷಧಿ ಡಬ್ಬಿಯ ಚೀಟಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಅವಳು ನೇರ ಮ್ಯಾನೇಜರರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕೇಳಿಸಿತು. ಅವರು ಸಿಡುಕಲಿಲ್ಲ, ಅದು ಅವರ ಗುಣವೇ ಅಲ್ಲ. ಟೀ ತರಿಸಿಕೊಟ್ಟರು.

“ನೋಡಮ್ಮ, ನಮ್ಮ ಪ್ರಯೋಗದಲ್ಲಿ ಸಾಯಬೇಕಾದ್ದು ನಮ್ಮ ಹುಳ. ಅದು ಸಾಯ್ತಿದೆ. ನಿನ್ನ ಮೈದುನನ ಹುಳದ ಜವಾಬ್ದಾರಿ ನಾವು ತಗೊಂಡಿಲ್ಲವಲ್ಲ?”

“ಸಾರ್, ಹೊಲದಲ್ಲಿ ಇರೋದು ಅವೇ ಅಲ್ವಾ?”

“ಇರಲಿ. ನಿನ್ನ ಹುಳಕ್ಕೆ ಒಳ್ಳೆ ಹೆಸರಿದೆ, ಅದನ್ನ ಕೆಡಿಸ್ಕೋಬೇಡ. ಈ ವಯಸ್ಸಲ್ಲಿ ಬೇರೆ ಕೆಲಸ ಎಲ್ಲಿ ಹುಡುಕ್ತೀಯ?”

ಅಲ್ಲಿಗೆ ಅವಳ ಮುಂದಿದ್ದದ್ದು ಎರಡೇ ದಾರಿ. ಮುದ್ದಿನ ಹುಳಗಳನ್ನು ಸಾಕುತ್ತ, ಊರ ಹೊಲಗಳಿಗೆಲ್ಲ ಸುಳ್ಳು ಅಂಕಿ ಕಳಿಸುತ್ತ, ಹಾಯಾಗಿ ಇದ್ದುಬಿಡುವುದು. ಇಲ್ಲವೇ ಈ ಕೆಲಸದ ಆಸೆ ಬಿಡುವುದು. ಗಂಡ ತಾನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿ ಮನೆಯಲ್ಲಿ ಕೂತಿದ್ದ, ಮಗಳು ನರ್ಸಿಂಗ್ ಓದುತ್ತಿದ್ದಳು. ನಾನಾಗಿದ್ದರೆ ಟೀ ಕುಡಿದು ಎದ್ದು ಬರುತ್ತಿದ್ದೆ. ನಾನು ಅದನ್ನೇ ತಾನೆ ಮಾಡುತ್ತಿದ್ದದ್ದು.

ಮುಂದಿನ ವಾರ ಅಕ್ಕನ ಬುತ್ತಿ ಚೀಲ ಎರಡಾದವು. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಮೈದುನನ ಹೊಲದ ಹುಳ. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. “ಏನೋ?” ಎಂದಳು. “ಏನಿಲ್ಲ ಅಕ್ಕ,” ಎಂದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಶೌರ್ಯದ ಕೆಲಸ ಬಹುಶಃ ಅಷ್ಟೇ. ಹಳೆಯ ಹುಳಗಳನ್ನು ಕೊಲ್ಲಲು ಅವಳಿಗೆ ಮನಸ್ಸು ಬರಲಿಲ್ಲ. ಆ ಋತುವಿನ ಉಳಿದ ಪ್ರಯೋಗಗಳಿಗೆ ಅವನ್ನೇ ಕೊಟ್ಟು ಮುಗಿಸಿದಳು. ಮೂರು ತಿಂಗಳಲ್ಲಿ ಹನ್ನೆರಡು ಪಂಜರಗಳಲ್ಲೂ ಹೊಸ ವಂಶ ತುಂಬಿಕೊಂಡಿತು.

ಹೊಸ ಋತುವಿನ ಮೊದಲ ಬಾಟಲಿ ಬಂತು. ದೊಡ್ಡ ಕಂಪನಿ, ದೊಡ್ಡ ಆಸೆ. ಪಂಪಿನವನು ಹೊಡೆದ, ಮೂರು ದಿನ ಬಿಟ್ಟು ಎಣಿಸಿದೆವು. ನೂರಕ್ಕೆ ಇಪ್ಪತ್ತೆರಡು. ಮ್ಯಾನೇಜರರು ಪಂಪಿನವನನ್ನು ಕರೆದು, ಬರೀ ನೀರು ಹೊಡೆದೆಯಾ ಎಂದು ಕೇಳಿದರು. ಅವನು ಅತ್ತೇಬಿಟ್ಟ. ಮತ್ತೆ ಹೊಡೆಸಿದರು, ಹತ್ತೊಂಬತ್ತು. ಆಗ ಅಕ್ಕ ಮುಂದೆ ಬಂದು, ತಾನೇ ಹುಳ ಬದಲಾಯಿಸಿದ್ದೇನೆಂದು ಹೇಳಿದಳು.

ಮ್ಯಾನೇಜರರು ಅವತ್ತು ಟೀ ತರಿಸಲಿಲ್ಲ. ಎಲ್ಲವನ್ನೂ ಕೊಂದು ಪಂಜರ ತೊಳೆಯಿರಿ ಎಂದು ಕೂಗಿದರು. ಗೋದಾಮಿನ ಕಪಾಟಿನಲ್ಲಿ ನಲವತ್ತು ಬಗೆಯ ಔಷಧಿ ಇದ್ದವು, ನಲವತ್ತಕ್ಕೂ ನಾನು ‘ಅತ್ಯುತ್ತಮ’ ಎಂದು ಬರೆದಿದ್ದೆ. ಪಂಪಿನವನು ಕೊನೆಗೂ ಆ ಕೋಣೆಯೊಳಗೆ ಕಾಲಿಟ್ಟ. ಮೊದಲ ಬಾಟಲಿ ಹೊಡೆದ. ಹುಳ ತಲೆಯೆತ್ತಿ ನೋಡಿ ತಿನ್ನುವುದನ್ನು ಮುಂದುವರಿಸಿತು. ಎರಡನೆಯದು, ಐದನೆಯದು, ಒಂಬತ್ತನೆಯದು, ಕೊನೆಗೆ ನಲವತ್ತನೆಯದು. ಎರಡು ದಿನ ಕಳೆಯುವಷ್ಟರಲ್ಲಿ ಸಾಸಿವೆ ಪೈರು ಸುಟ್ಟು ಕರಕಲಾಯಿತು, ಪಂಪಿನವನಿಗೆ ವಾಂತಿ ಹಿಡಿಯಿತು, ನನಗೆ ತಲೆಸುತ್ತು ಬಂತು. ಹುಳಗಳಿಗೆ ಮಾತ್ರ ತಿನ್ನಲು ಹಸಿರು ಇಲ್ಲವಲ್ಲ ಎಂಬ ಒಂದೇ ಕೊರತೆ. ಫಾರ್ಮಿಗೆ ಫಾರ್ಮೇ ಕೈಕಟ್ಟಿ ನಿಂತಿತು.

ಕಂಪನಿಗೆ ಏನಾದರೂ ಬರೆಯಲೇಬೇಕಿತ್ತು. ಮ್ಯಾನೇಜರರು ಯೋಚಿಸಿ ಯೋಚಿಸಿ ಒಂದು ವಾಕ್ಯ ಕಟ್ಟಿದರು. ‘ಹುಳಗಳ ಅನಾರೋಗ್ಯದ ಕಾರಣ ಪ್ರಯೋಗವನ್ನು ರದ್ದುಪಡಿಸಲಾಗಿದೆ.’ ನಲವತ್ತು ಔಷಧಿಗೂ ಜಗ್ಗದ ಹುಳಕ್ಕೆ ಅನಾರೋಗ್ಯ! ನಾನು ಟೈಪ್ ಮಾಡಿದೆ. ಹುಳ ಸಾಕಿದವರ ಸಹಿ ಇಲ್ಲದೆ ಅದು ನಡೆಯುವಂತಿರಲಿಲ್ಲ. ಕಾಗದವನ್ನು ಅಕ್ಕನ ಮುಂದೆ ಇಟ್ಟು, “ಸಹಿ ಹಾಕು, ಎಲ್ಲ ಮರೆತುಬಿಡೋಣ. ನಾಳೆಯಿಂದ ಮೊದಲಿನ ಹಾಗೆ ಬಾ,” ಎಂದರು.

ಅಕ್ಕ ಓದಿದಳು. ಹೊಲಕ್ಕೆ ಹೋದ ಸುಳ್ಳು ಅಂಕಿಯ ವಿಷಯಕ್ಕೂ ಅವಳಿಗೆ ಇಷ್ಟು ಕೋಪ ಬಂದದ್ದನ್ನು ನಾನು ನೋಡಿರಲಿಲ್ಲ.

“ನನ್ನ ಹುಳಕ್ಕೆ ಕಾಯಿಲೆ ಅಂತ ನಾನು ಬರ್ಕೊಡಬೇಕಾ? ಹನ್ನೊಂದು ವರ್ಷ ಸಾರ್, ಒಂದು ದಿನ ಒಂದಕ್ಕೆ ಕಾಯಿಲೆ ಬಂದಿಲ್ಲ ನನ್ನ ಕೈಲಿ!”

ಪೆನ್ನು ತೆಗೆದುಕೊಂಡು ‘ಅನಾರೋಗ್ಯ’ವನ್ನು ಹೊಡೆದುಹಾಕಿ, ಬದಿಗೆ ದಪ್ಪ ಅಕ್ಷರದಲ್ಲಿ ಬರೆದಳು: ‘ಹುಳಗಳು ಪೂರ್ಣ ಆರೋಗ್ಯವಾಗಿವೆ. ಔಷಧಿಗೆ ಶಕ್ತಿ ಸಾಲದು.’ ಕೆಳಗೆ ಸಹಿ ಹಾಕಿದಳು. ಮ್ಯಾನೇಜರರು ಮನೆಗೆ ಹೋಗು ಎಂದರು.

ಹೋಗುವ ಮುಂಚೆ ಕೋಣೆಗೆ ಹೋಗಿ, ಪಂಜರಗಳಿಂದ ಕರಕಲು ಪೈರಿನ ತಟ್ಟೆಗಳನ್ನೆಲ್ಲ ತಾನೇ ಹೊರಗೆ ತೆಗೆದಿಟ್ಟಳು, ಹೊಸ ಪೈರು ಇಡಲಿಲ್ಲ. ಬಲೆ ಬಿಗಿಯಾಗಿ ಕಟ್ಟಿದಳು. “ಊಟ ನಿಲ್ಲಿಸಿದರೆ ಸಾಯ್ತವೆ. ಅದಕ್ಕೆ ಔಷಧಿ ಬೇಕಿಲ್ಲ,” ಎಂದಳು. ಅವಳ ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ನಾನು ಒಂದು ತಟ್ಟೆ ಎತ್ತಿಕೊಡಲೂ ಇಲ್ಲ. ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಮ್ಯಾನೇಜರರು ಹೊಸದಾಗಿ ಟೈಪ್ ಮಾಡಿಸಿ, ಹುಳ ಸಾಕಿದವರ ಜಾಗದಲ್ಲೂ ತಾವೇ ಸಹಿ ಹಾಕಿದರು. ಲಕೋಟೆಗೆ ಹಾಕಿ ಅಂಟಿಸುವ ಕೆಲಸ ನನ್ನದು. ಎರಡು ಕಾಗದವೂ ಮೇಜಿನ ಮೇಲಿದ್ದವು. ಅಕ್ಕ ಬರೆದದ್ದನ್ನು ಹಾಕಿ ಅಂಟಿಸಿದೆ. ಕೇಳಿದರೆ ಕೈತಪ್ಪಿ ಆಯಿತು ಎನ್ನುವುದೆಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಹದಿನೈದು ದಿನಕ್ಕೆ ಕಂಪನಿಯ ಉತ್ತರ ಬಂತು. ಬೈಗುಳ ಇರಲಿಲ್ಲ. ‘ಇಷ್ಟು ವರ್ಷ ನಮಗೆ ಸಿಗದೆ ಹೋದದ್ದು ಇಂಥ ಹುಳವೇ. ನಮ್ಮ ಮುಂದಿನ ಔಷಧಿಗಳನ್ನೆಲ್ಲ ಇವುಗಳ ಮೇಲೆಯೇ ಪರೀಕ್ಷಿಸಬೇಕು. ಸಾಕಿದವರಿಗೆ ನಮ್ಮ ಅಭಿನಂದನೆ ತಿಳಿಸಿ, ಐನೂರು ಹುಳ ಕೂಡಲೇ ಕಳಿಸಿ.’ ಮ್ಯಾನೇಜರರು, ಯಾವ ಕಾಗದ ಹೋಗಿತ್ತೆಂದು ನನ್ನನ್ನು ಕೇಳಲೂ ಪುರುಸೊತ್ತಿಲ್ಲದೆ, ಉತ್ತರ ಹಿಡಿದು ಹಿಂದಿನ ಕೋಣೆಗೆ ಓಡಿದರು. ಹನ್ನೆರಡು ಪಂಜರ, ತಳದಲ್ಲಿ ಒಣಗಿದ ಸಿಪ್ಪೆ.

ಅವತ್ತೇ ಸಂಜೆ ನಾವಿಬ್ಬರೂ ಅವಳ ಮನೆಗೆ ಹೋದೆವು. ಅಕ್ಕ ಬಾಗಿಲಲ್ಲೇ ನಿಂತು ಕಾಗದವನ್ನು ಎರಡು ಸಲ ಓದಿದಳು. ಅಭಿನಂದನೆಯ ಸಾಲು ಬಂದಾಗ ಮುಖ ಅರಳಿತು, ಮುಚ್ಚಿಡಲು ನೋಡಲೂ ಇಲ್ಲ.

“ಬಾಮ್ಮ, ಆದದ್ದಾಯಿತು,” ಎಂದರು ಮ್ಯಾನೇಜರರು. “ನಿನ್ನ ಕೆಲಸ ನಿನಗೇ. ಅಂಥ ಹುಳ ಮತ್ತೆ ಎಲ್ಲಿ ಸಿಗುತ್ತೆ, ಅಷ್ಟು ಹೇಳು.”

“ಬರ್ತೀನಿ ಸಾರ್. ಹುಳಕ್ಕೇನು ಬರ? ಯಾವ ಹೊಲಕ್ಕೆ ಹೋದರೂ ಸಿಗ್ತವೆ.”

“ಯಾವ ಹೊಲ ಅಂದರೆ?”

ಅಕ್ಕ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ನಿಮ್ಮ ವರದಿ ನಂಬಿ ಔಷಧಿ ಹೊಡೆದಿರೋ ಯಾವ ಹೊಲ ಆದರೂ ಸರಿ,” ಎಂದಳು.