ಒಂದ್ ತೊಟ್ಟೂ ಉಳೀಬಾರ್ದು

ಫಟ್ಟಣ್ಣ ಅಂತ ಅವನಿಗೆ ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಅವನ ಅಂಗಡಿಯಲ್ಲಿ ರಿಪೇರಿಯಾಗಿ ಹೋದ ಕೋವಿ ಫಟ್ ಅಂತ ಹಾರಲೇಬೇಕು, ಅದಕ್ಕೇ ಆ ಹೆಸರು. ವಯಸ್ಸು ಐವತ್ತೆಂಟು. ಕನ್ನಡಕವೂ ಮೂಗಿನ ತುದಿಯಲ್ಲಿ, ಕೋಪವೂ ಮೂಗಿನ ತುದಿಯಲ್ಲಿ. ಎರಡಕ್ಕೂ ಅಲ್ಲಿ ಜಾಗ ಸಾಲದೆ ದಿನಕ್ಕೆ ನಾಲ್ಕು ಸಲ ಕನ್ನಡಕ ಕೆಳಗೆ ಬೀಳುತ್ತಿತ್ತು. ದರ್ಜಿಯ ಅಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಇಕ್ಕಟ್ಟು ಕೋಣೆ ಅವನದು. ಮುಂದೆ ಅಂಗಡಿ, ಒಂದು ಬಾಗಿಲು ದಾಟಿದರೆ ಮನೆ, ಮನೆಯ ಹಿಂದೆ ರಿಪೇರಿಯಾದ ಕೋವಿಯನ್ನು ಹಾರಿಸಿ ನೋಡಲು ಮರಳು ತುಂಬಿದ ಗುಂಡಿ.

ಅವನು ಮಾತಿಗೆ ಮಹಾ ಜಿಪುಣ. ನಾಲ್ಕು ಮಾತಿನಲ್ಲಿ ಹೇಳುವುದನ್ನು ಎರಡರಲ್ಲಿ ಹೇಳಿ ಮುಗಿಸುತ್ತಿದ್ದ. ಯಾಕೆ ಏನು ಅಂತ ಯಾರಾದರೂ ಕೇಳಿದರೆ ಆ ಎರಡನ್ನೇ ಜೋರಾಗಿ ಹೇಳುತ್ತಿದ್ದ. ಹೆಂಡತಿಗೆ ಅದು ಮೂವತ್ತು ವರ್ಷದಿಂದ ರೂಢಿ. ಅವನು ಅರ್ಧ ಹೇಳಿದ್ದಕ್ಕೆ ಉಳಿದರ್ಧ ಅವಳೇ ಸೇರಿಸಿಕೊಳ್ಳುತ್ತಿದ್ದಳು. ಸೇರಿಸಿಕೊಂಡಿದ್ದು ಸರಿಯೋ ತಪ್ಪೋ ಅಂತ ಕೇಳುವ ಗೋಜಿಗೆ ಮಾತ್ರ ಹೋಗುತ್ತಿರಲಿಲ್ಲ.

ಅಪ್ಪ ಕಣ್ಣು ಮುಚ್ಚುವ ಮುಂಚೆ ಅಂಗಡಿ ಮಗನಿಗೆ, ತಮ್ಮ ಸ್ವಂತ ಕೋವಿ ಮಗಳಿಗೆ ಅಂತ ಹೇಳಿ ಹೋಗಿದ್ದರು. ಫಟ್ಟಣ್ಣನಿಗೆ ಆಗ ಹೊಟ್ಟೆ ಉರಿದದ್ದು ನಿಜ. ಸುಳ್ಳು ಯಾಕೆ ಹೇಳಬೇಕು? "ಅಂಚೆ ಕಚೇರೀಲಿ ಕೂತು ಸೀಲ್ ಒತ್ತೋಳಿಗೆ ಕೋವಿ ಯಾಕೆ?" ಅಂತ ಎಲ್ಲರ ಎದುರಿಗೇ ಅಂದುಬಿಟ್ಟಿದ್ದ. ತಂಗಿ ಅದಕ್ಕೆ ಒಂದು ಮಾತೂ ಆಡಿರಲಿಲ್ಲ. ಮರೆತೂ ಇರಲಿಲ್ಲ.

ತಂಗಿಗೆ ಈಗ ನಲವತ್ತಾರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹೆಂಗಸು. ಪಾರ್ಸಲ್ಲಿನ ದಾರಕ್ಕೆ ಒಂದು ಗಂಟು ಕಡಿಮೆಯಿದ್ದರೆ, ತಂದವರು ಸಾಕ್ಷಾತ್ ಅವಳ ಗಂಡನೇ ಆದರೂ ಸರಿ, ವಾಪಸ್. ಇಂಥವಳು ಎರಡು ವರ್ಷದ ಹಿಂದೆ ಬಂದೂಕು ಕ್ಲಬ್ಬಿಗೆ ಸೇರಿ, ಅಪ್ಪನ ಕೋವಿ ಹಿಡಿದು, ಈ ವರ್ಷ ಹಳೇ ಕೋವಿಗಳ ಪಂದ್ಯಕ್ಕೆ ಆಯ್ಕೆಯಾಗಿಬಿಟ್ಟಳು. ಆಯ್ಕೆಯಾದ ಮರು ಭಾನುವಾರವೇ ಕೋವಿ ಕೈಕೊಟ್ಟಿತು.

ಅದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ನಳಿಗೆಯ ಬಾಯಿಗೆ ಮದ್ದು ಸುರಿದು, ಬಟ್ಟೆಚೂರಿನಲ್ಲಿ ಸುತ್ತಿದ ಸೀಸದ ಗುಂಡನ್ನು ಅದರ ಮೇಲೆ ಗಜ ಅನ್ನುವ ಉದ್ದನೆಯ ಸರಳಿನಿಂದ ತಳ್ಳಬೇಕು. ಹಿಂಭಾಗದಲ್ಲಿ ನಿಪ್ಪಲ್ ಅನ್ನುವ ಉಕ್ಕಿನ ಪುಟ್ಟ ಮೂತಿಯಿದೆ, ನಡುವೆ ಕೂದಲೆಳೆಯಷ್ಟು ತೂತು. ಅದರ ಮೇಲೆ ತಾಮ್ರದ ಕೇಪು ಕೂರಿಸಿದರೆ, ಕುದುರೆ ಅನ್ನುವ ಪುಟ್ಟ ಸುತ್ತಿಗೆ ಬಂದು ಬಡಿದಾಗ ಕೇಪಿನ ಕಿಡಿ ಆ ತೂತಿನಿಂದ ಒಳಗೆ ನುಗ್ಗಿ ಮದ್ದಿಗೆ ತಗಲುತ್ತದೆ. ತಗುಲಿತೋ, ಫಟ್. ಇಲ್ಲವೋ, ಕೇಪು ಮಾತ್ರ ಟಪ್ ಅಂದು ಸುಮ್ಮನಾಗುತ್ತದೆ. ತಂಗಿಯ ಕೋವಿ ಟಪ್ ಅಂದಿತ್ತು.

ಫಟ್ಟಣ್ಣನಿಗೆ ಮೊದಲ ನೋಟಕ್ಕೇ ಕಾರಣ ಹೊಳೆಯಿತು. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ ತಳಕ್ಕೆ ಇಳಿದು ಮದ್ದನ್ನು ಒದ್ದೆ ಮಾಡುತ್ತದೆ, ಹೊಸಬರಿಗೆಲ್ಲ ಇದೇ ಗೋಳು. ನಳಿಗೆ ತೊಳೆದು ಒಣಗಿಸಿ, ಹಿಂದಿನ ಗುಂಡಿಯಲ್ಲಿ ಐದು ಸಲ ಹಾರಿಸಿ ನೋಡಿ, ಹೆಂಡತಿಯ ಕೈಲಿ ತಂಗಿಗೆ ಕೊಡಿಸಿದ. ಆ ಸಂಜೆ ತಂಗಿ ಫೋನ್ ಮಾಡಿದಾಗ ಅವನ ಸಾಣೆಯಂತ್ರ ಗರ್ರೋ ಅಂತ ತಿರುಗುತ್ತಿತ್ತು.

"ಅಣ್ಣ, ಕೋವಿಗೆ ಏನಾಗಿತ್ತು?"

"ಏನಿಲ್ಲ. ನೀನು ಎಣ್ಣೆ ಬಿಡು, ಸರಿಹೋಗತ್ತೆ."

"ಎಣ್ಣೇನಾ? ಸ್ವಲ್ಪ ಬಿಟ್ರೆ ಸಾಕಾ?"

"ಸ್ವಲ್ಪ ಗಿಲ್ಪ ಎಲ್ಲ ಬೇಡ. ಪೂರ್ತಿ ಬಿಡು. ಒಂದ್ ತೊಟ್ಟೂ ಉಳೀಬಾರ್ದು!"

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಹೆಂಡತಿ ಕಣ್ಣರಳಿಸಿದಳು. ಏನೂ ಕೇಳದೆ ಲೋಟ ಇಟ್ಟು ಒಳಗೆ ಹೋದಳು.

ಎರಡನೇ ಭಾನುವಾರ ಮತ್ತೆ ಟಪ್. ಫಟ್ಟಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. "ಎಣ್ಣೆ?" ಅಂತ ಕೇಳಿದ. "ಬಿಟ್ಟಿದ್ದೀನಿ ಅಣ್ಣ, ನೀನು ಹೇಳಿದ್ ದಿನದಿಂದ," ಅಂದಳು ತಂಗಿ. ಹಾಗಾದರೆ ಎಣ್ಣೆಯಲ್ಲ. ನಿಪ್ಪಲ್ಲಿನ ತೂತಿಗೆ ತಂತಿ ಹಾಕಿ ನೋಡಿದ, ಸ್ವಚ್ಛವಾಗಿತ್ತು. ಆದರೂ ಇರಲಿ ಅಂತ ಹೊಸ ನಿಪ್ಪಲ್ ಹಾಕಿದ. ಗುಂಡಿಯಲ್ಲಿ ಹತ್ತಕ್ಕೆ ಹತ್ತೂ ಹಾರಿತು. ಮೂರನೇ ಭಾನುವಾರ ಕ್ಲಬ್ಬಿನಲ್ಲಿ ಮತ್ತದೇ ಟಪ್. ಕುದುರೆಯ ಸ್ಪ್ರಿಂಗ್ ಬದಲಾಯಿಸಿದ. ಕೇಪಿನ ಡಬ್ಬಿ ಬದಲಾಯಿಸಿದ. ಮದ್ದನ್ನು ಬೆರಳಲ್ಲಿ ಉಜ್ಜಿ ನೋಡಿದ, ಒಣಗಿ ಗರಿಗರಿಯಾಗಿತ್ತು. ಗುಂಡಿಯಲ್ಲಿ ಇಪ್ಪತ್ತು ಸಲ ಹಾರಿಸಿದ, ಪಕ್ಕದ ದರ್ಜಿ ಬಂದು ಕೈಮುಗಿದು ನಿಲ್ಲಿಸು ಮಹಾರಾಯ ಅನ್ನುವವರೆಗೂ ಹಾರಿಸಿದ. ಅವನ ಕೈಯಲ್ಲಿ ಫಟ್, ಅವಳ ಕೈಯಲ್ಲಿ ಟಪ್. ಇದೆಂಥ ಮಾಯೆ?

ಹಾರದ ಕೋವಿ ಅವನ ಕೈಗೆ ಹಾಗೇ ಬಂದಿದ್ದರೆ ಮೂಸಿಯೇ ಹೇಳುತ್ತಿದ್ದ. ಆದರೆ ಕ್ಲಬ್ಬಿನ ಮೇಲ್ವಿಚಾರಕ ಬಲು ಶಿಸ್ತಿನ ಮನುಷ್ಯ. ಹಾರದ ಕೋವಿಯಿಂದ ಗುಂಡು, ಮದ್ದು ಹೊರತೆಗೆದು, ನಳಿಗೆಗೆ ಬಿಸಿನೀರು ಹೊಯ್ದು ತೊಳೆದೇ ಕೊಟ್ಟು ಕಳಿಸುತ್ತಿದ್ದ. ಅವನದು ಇನ್ನೊಂದು ನಿಯಮವೂ ಇತ್ತು. ಒಂದೇ ವರ್ಷದಲ್ಲಿ ನಾಲ್ಕು ಸಲ ಹಾರದ ಕೋವಿಗೆ ಮತ್ತೆ ಮೈದಾನದಲ್ಲಿ ಜಾಗವಿಲ್ಲ, ಬೇಕಾದರೆ ಮನೆಯ ಗೋಡೆಗೆ ನೇತುಹಾಕಿಕೊಳ್ಳಬಹುದು. ಮೂರು ಆಗಿತ್ತು. ನಾಲ್ಕನೆಯ ಭಾನುವಾರವೇ ಪಂದ್ಯ.

ಗುರುವಾರ ಊಟದ ಬಿಡುವಿನಲ್ಲಿ ತಂಗಿ ಅಂಗಡಿಗೆ ಬಂದಳು. ಚೀಲದಿಂದ ಏನೋ ತೆಗೆದು ಅತ್ತಿಗೆಯ ಕೈಗೆ ಕೊಟ್ಟು, ನೇರವಾಗಿ ಅಣ್ಣನ ಮೇಜಿನ ಮುಂದೆ ಬಂದು ನಿಂತಳು.

"ಅಣ್ಣ, ಒಂದು ಕೇಳ್ತೀನಿ. ನಿಜ ಹೇಳು. ನಿನ್ನ ಕೈಲಿ ಹಾರೋದು ನನ್ನ ಕೈಲಿ ಯಾಕೆ ಹಾರಲ್ಲ?"

"ಗೊತ್ತಿಲ್ಲ."

"ಊರಿನ ಕೋವಿಗಳದ್ದೆಲ್ಲ ನಿನಗೆ ಗೊತ್ತಾಗತ್ತೆ. ಇದೊಂದರದ್ದು ಗೊತ್ತಾಗಲ್ವಾ? ಇದು ನನ್ನ ಕೈಲಿ ಹಾರೋದು ನಿನಗೆ ಬೇಕಾಗಿಲ್ಲ. ಅಪ್ಪ ನನಗೆ ಕೊಟ್ರಲ್ಲ ಅಂತ ನಿನಗಿನ್ನೂ ಒಳಗೊಳಗೇ ಇದೆ."

ಬೇರೆ ದಿನವಾಗಿದ್ದರೆ ಫಟ್ಟಣ್ಣ ಅಂಗಡಿ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದ. ಅವತ್ತು ಮೇಜಿನ ಮೇಲಿದ್ದ ಹಳೇ ಸ್ಪ್ರಿಂಗನ್ನು ಬೆರಳಲ್ಲಿ ಹೊರಳಿಸುತ್ತಾ ಕೂತ. ತಂಗಿ ಕಣ್ಣೊರೆಸಿಕೊಂಡು ಹೊರಟುಹೋದಳು. ಅತ್ತಿಗೆ ಹಿಂದೆಯೇ ಓಡಿ ಕೋವಿಯ ಚೀಲವನ್ನು ಅವಳ ಕೈಗೆ ಕೊಟ್ಟು ಬಂದಳು.

ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ಹೊಟ್ಟೆ ಉರಿದದ್ದಂತೂ ನಿಜವಲ್ಲವೇ? ಮನಸ್ಸು ಬೇಡ ಅಂದರೆ ಕೈಯೂ ಬೇಡ ಅನ್ನುತ್ತದೆಯೇ? ಸ್ಪ್ರಿಂಗ್ ಕೂರಿಸುವಾಗ ತನಗೇ ತಿಳಿಯದೆ ಏನಾದರೂ ಕಿತಾಪತಿ ಮಾಡಿದೆನೇ? ತನ್ನ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಲವತ್ತು ವರ್ಷ ನಂಬಿದ ಕೈಗಳು. ಅವುಗಳ ಮೇಲೇ ಅನುಮಾನ ಬಂದಮೇಲೆ ಇನ್ನೇನು ಉಳಿಯಿತು?

ಭಾನುವಾರ ಬೆಳಿಗ್ಗೆ ಅವನು ತಿಂಡಿಯ ತಟ್ಟೆಯ ಮುಂದೆ ಮಂಕಾಗಿ ಕೂತಿದ್ದಾಗ ಹೆಂಡತಿ ಸೆರಗಿನ ತುದಿ ಸುತ್ತುತ್ತಾ ಬಂದು ನಿಂತಳು.

"ರೀ, ಒಂದು ಮಾತು ಕೇಳ್ತೀನಿ, ಬೈಬಾರ್ದು. ನಿಮ್ಮ ತಂಗಿ ನಿಜವಾಗ್ಲೂ ಬಿಟ್ಟಿದ್ದಾರಾ?"

"ಏನನ್ನ?"

"ಅದೇ... ಎಣ್ಣೆ."

"ಬಿಟ್ಟಿದ್ದಾಳಂತೆ."

"ಮತ್ತೆ ಅದಕ್ಕೇ ಇರ್ಬೇಕು. ಒಂದೇ ಸಲ ಪೂರ್ತಿ ಬಿಟ್ಟುಬಿಟ್ರೆ ಕೈ ನಡುಗತ್ತಂತೆ. ಕೈ ನಡುಗಿದ್ರೆ ಕೋವಿ ಹೇಗೆ ಹಾರತ್ತೆ? ಸ್ವಲ್ಪ ಸ್ವಲ್ಪ ಕಡಿಮೆ ಮಾಡು ಅಂತ ಹೇಳ್ಬೇಕಿತ್ತು ನೀವು. ಪಾಪ, ಅಷ್ಟು ಮರ್ಯಾದಸ್ಥ ಹೆಂಗಸು, ಯಾವಾಗ ಶುರು ಮಾಡಿದ್ರೋ ಏನೋ. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಫಟ್ಟಣ್ಣ ಎರಡು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ನಗು ಉಕ್ಕಿತು. ತಂಗಿಯಂತೆ, ಕುಡಿತವಂತೆ! ಹೊಟ್ಟೆ ಹಿಡಿದುಕೊಂಡು ನಕ್ಕ, ಕನ್ನಡಕ ಜಾರಿ ತಟ್ಟೆಗೆ ಬಿತ್ತು. "ಅಯ್ಯೋ ಪೆದ್ದಿ, ಕುಡಿಯೋ ಎಣ್ಣೆ ಅಲ್ವೇ! ನಾನು ಬಿಡು ಅಂದಿದ್ದು ಕೋವಿಗೆ ಬಿಡೋ..."

ನಗು ಅಲ್ಲೇ ನಿಂತುಹೋಯಿತು. ಕೋವಿಗೆ ಬಿಡೋ ಎಣ್ಣೆ. ಎಣ್ಣೆ ಬಿಡು. ಆ ಮಾತನ್ನು ಅವನು ಬಾಯೊಳಗೆ ಒಂದು ಸಲ ಹೀಗೆ, ಒಂದು ಸಲ ಹಾಗೆ ಹೊರಳಿಸಿದ. ಎದ್ದು ಅಂಗಡಿಯ ಕಪಾಟಿನ ಮುಂದೆ ನಿಂತ. ರಿಪೇರಿಯಾದ ಪ್ರತಿ ಕೋವಿಯ ಜೊತೆ ಒಂದು ಪುಟ್ಟ ಬಾಟಲಿ ಎಣ್ಣೆ ಇಟ್ಟು ಕಳಿಸುವುದು ಅಪ್ಪನ ಕಾಲದಿಂದ ಬಂದ ಪದ್ಧತಿ, ಇಡುವ ಕೆಲಸ ಹೆಂಡತಿಯದು.

"ಅವಳ ಚೀಲದಲ್ಲೂ ಬಾಟ್ಲಿ ಇಟ್ಯಾ?"

"ಇಡದೆ? ಪ್ರತಿ ಸಲಾನೂ ಇಟ್ಟಿದ್ದೀನಿ. ಅವರೂ ಎಷ್ಟು ನೀಟು ಅಂತೀರಿ, ಖಾಲಿ ಬಾಟ್ಲಿ ತೊಳೆದು ವಾಪಸ್ ತಂದುಕೊಡ್ತಾರೆ. ಮೊನ್ನೆ ಗುರುವಾರಾನೂ ಕೊಟ್ರಲ್ಲ."

"ವಾರಕ್ಕೊಂದು ಬಾಟ್ಲಿ ಖಾಲೀನಾ?"

"ಒಂದ್ ತೊಟ್ಟೂ ಉಳಿಸಿಲ್ಲ ನೋಡಿ."

ಫಟ್ಟಣ್ಣ ತಲೆ ಚಚ್ಚಿಕೊಂಡ. ಫೋನ್ ಮಾಡಿದರೆ ಸ್ವಿಚ್ ಆಫ್, ಮೈದಾನದಲ್ಲಿ ಫೋನ್ ಹಿಡಿಯುವಂತಿಲ್ಲ. ಬಟ್ಟೆಚೂರು, ಕೇಪಿನ ಡಬ್ಬಿ, ಬಿಸಿನೀರಿನ ಫ್ಲಾಸ್ಕು ಎಲ್ಲವನ್ನೂ ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದ. ಚಪ್ಪಲಿ ಮೆಟ್ಟಿಲ್ಲ ಅನ್ನುವುದು ಅರ್ಧ ದಾರಿಯಲ್ಲಿ ಗೊತ್ತಾಯಿತು.

ಅವನು ಹೋಗುವ ಹೊತ್ತಿಗೆ ತಂಗಿ ಮೈದಾನದಲ್ಲಿ ತನ್ನ ಜಾಗದಲ್ಲಿ ನಿಂತು, ಅಳತೆಯ ಡಬ್ಬಿಗೆ ಮದ್ದು ಸುರಿದುಕೊಳ್ಳುತ್ತಿದ್ದಳು. ಅದು ನಳಿಗೆಗೆ ಬಿದ್ದರೆ ಮುಗಿಯಿತು, ನಾಲ್ಕನೇ ಟಪ್. ಫಟ್ಟಣ್ಣ ನೋಡುವವರಿಗೆ ಅಡ್ಡ ಕಟ್ಟಿದ್ದ ಹಗ್ಗದ ಈಚೆಯಿಂದ ಗಂಟಲು ಹರಿಯುವ ಹಾಗೆ ಕೂಗಿದ.

"ಎಣ್ಣೆ! ಎಣ್ಣೆ!"

ತಂಗಿ ತಿರುಗಿದಳು. ಅಣ್ಣನನ್ನು ನೋಡಿದ್ದೇ ಮುಖ ಕೆಂಪಾಯಿತು. "ಬಿಟ್ಟಿದ್ದೀನಿ ಅಣ್ಣ! ನೀನು ಹೇಳಿದ ಹಾಗೇ ಪೂರ್ತಿ ಬಿಟ್ಟಿದ್ದೀನಿ! ಇನ್ನೇನು ಮಾಡ್ಬೇಕು ನಾನು?" ಅಂದಳು, ಅಳುವೇ ಬಂದಿತ್ತು.

"ಅಯ್ಯೋ ತಾಯಿ! ಬಿಡು ಅಂದ್ರೆ ಬಿಡು ಅಂತ ಕಣೇ, ಬಿಡು ಅಂತಲ್ಲ!"

ಇಡೀ ಮೈದಾನ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿತು. ಮೇಲ್ವಿಚಾರಕ ಬಂದು ಏನು ಗಲಾಟೆ ಅಂತ ಗದರಿದ. ಫಟ್ಟಣ್ಣ ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯವನ್ನು ಪೂರ್ತಿಯಾಗಿ, ಬಿಡಿಸಿ, ಎರಡೆರಡು ಸಲ ಹೇಳಿದ. ಮೇಲ್ವಿಚಾರಕ ಕೋವಿಯಲ್ಲಿ ಗುಂಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅದನ್ನು ಬಾಯಿ ಕೆಳಗಾಗಿ ಬಗ್ಗಿಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಳಿಗೆಯ ಬಾಯಿಂದ ಎಣ್ಣೆ ತೊಟ್ಟಿಕ್ಕಿತು, ಒಂದು ತೊಟ್ಟು, ಎರಡು, ಹತ್ತು. ಮೇಲ್ವಿಚಾರಕನ ಪಾಲಿಶ್ ಮಾಡಿದ ಬೂಟಿನ ಮೇಲೇ ಬಿತ್ತು.

"ಇಪ್ಪತ್ತು ನಿಮಿಷ ಕೊಡ್ತೀನಿ," ಅಂದ ಅವನು, ಬೂಟು ನೋಡಿಕೊಂಡು.

ಅಣ್ಣ ತಂಗಿ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತರು. ಅವನು ಬಿಸಿನೀರು ಹೊಯ್ದ, ಅವಳು ಗಜಕ್ಕೆ ಬಟ್ಟೆ ಸುತ್ತಿ ಒರೆಸಿದಳು. ಅಪ್ಪನ ಅಂಗಡಿಯಲ್ಲಿ ಅವಳಿಗೆ ಏಳು ವರ್ಷವಿದ್ದಾಗ ಗಜ ಹಿಡಿಯುವ ಕೆಲಸ ಅವಳದೇ ಆಗಿತ್ತು. ಈಗಲೂ ಹಾಗೇ ನಾಲಿಗೆ ಕಚ್ಚಿಕೊಂಡು ಎಳೆಯುತ್ತಿದ್ದಳು. ಬಟ್ಟೆ ಒಣಗಿ ಹೊರಬಂದ ಮೇಲೆ ಮದ್ದಿಲ್ಲದೆ ಬರೀ ಎರಡು ಕೇಪು ಹೊಡೆಸಿ, ತೂತಿನಲ್ಲಿ ಉಳಿದ ಪಸೆಯನ್ನೂ ಸುಟ್ಟು ತೆಗೆದರು.

ಮದ್ದು, ಬಟ್ಟೆ, ಗುಂಡು, ಕೇಪು. ತಂಗಿ ಕುದುರೆ ಎಳೆದು ಗುರಿ ಹಿಡಿದಳು. ಫಟ್ಟಣ್ಣ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕಣ್ಣು ಮುಚ್ಚಿತ್ತು.

ಫಟ್!

ಹೊಗೆ ಅವಳನ್ನು ಪೂರಾ ಮುಚ್ಚಿತು. ಹೊಗೆ ಸರಿದಾಗ ಅವಳು ಗುರಿಹಲಗೆಯ ಕಡೆ ನೋಡುತ್ತಿರಲಿಲ್ಲ, ಕೋವಿ ಕೆಳಗಿಟ್ಟು ಅಣ್ಣನ ಕಡೆಗೆ ಬರುತ್ತಿದ್ದಳು. ಮುಖದ ತುಂಬ ಮಸಿ, ಮಸಿಯ ಮೇಲೆ ಕಣ್ಣೀರಿನ ಗೆರೆ.

"ನೀನು ಬೇಕಂತಲೇ ಮಾಡ್ತಿದ್ದೀಯ ಅಂತ ಅಂದ್ಕೊಂಡಿದ್ದೆ ಅಣ್ಣ."

"ಗೊತ್ತು. ಮುಖದ ಮೇಲೇ ಹೇಳಿದ್ಯಲ್ಲ." ಅವನು ಕನ್ನಡಕ ಏರಿಸಿಕೊಂಡ. "ನನ್ನ ಮೇಲೆ ಅಷ್ಟು ಅನುಮಾನ ಇದ್ದೋಳು, ಗುರುವಾರ ಕೊಟ್ಟ ಬಾಟ್ಲೀನೂ ಯಾಕೆ ಬಿಟ್ಟೆ?"

ಇದೆಂಥ ಪ್ರಶ್ನೆ ಅನ್ನುವ ಹಾಗೆ ಅವಳು ಅವನನ್ನು ನೋಡಿದಳು.

"ನೀನು ಹೇಳಿದ್ದೆ ಅಲ್ವಾ."

ಹೋಗ್ಲಿ ಬಿಡು ಅನ್ನುವ ಮಾತು ಫಟ್ಟಣ್ಣನ ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿಕೊಂಡು, ಅವಳ ಮುಖದ ಮಸಿಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ, "ಹೋಗು, ಎರಡನೇ ಗುಂಡು ತುಂಬು," ಅಂದ.