ಅಕ್ಕ ಆರಿಸಿದ ಜೋಡಿ ರೆಕ್ಕೆಯ ವಿಮಾನ

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ನಮ್ಮಕ್ಕ ಶೇಡಬಾಳದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ತನ್ನ ಹುಡುಗಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಅವರೆಲ್ಲ ಶಾಲೆಯ ಗಾಡಿಯಲ್ಲಿ ತಿರುಗಿ ಹೊರಟರು. ಅಕ್ಕನಿಗೆ ಪೇಟೆಯಲ್ಲಿ ಅವ್ವನ ಔಷಧ ತರುವುದಿತ್ತು, ಹಾಗಾಗಿ ಕರೆತರಲು ನಾನು ಬೈಕ್ ತೆಗೆದುಕೊಂಡು ಹೋದೆ. ಕಾಲೇಜಿನ ಮೈದಾನದ ಅಂಚಿಗೆ ಅವಳೊಬ್ಬಳೇ ನಿಂತು ಆಕಾಶ ನೋಡುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತದ್ದೂ ಗೊತ್ತಾಗಲಿಲ್ಲ.

ಬೆಳಗಾವಿ ಕಡೆಯಿಂದ ಬಂದ ಇಂಜಿನಿಯರಿಂಗ್ ಹುಡುಗರು ರಿಮೋಟಿನ ವಿಮಾನ ಹಾರಿಸುತ್ತಿದ್ದರು. ಬೇರೆಯವು ಯಾರೋ ಬೆನ್ನು ಹತ್ತಿದಂತೆ ಚೀರುತ್ತ ಓಡುತ್ತಿದ್ದವು. ಒಂದು ಮಾತ್ರ, ಒಂದರ ಮೇಲೊಂದು ಎರಡು ರೆಕ್ಕೆ ಇದ್ದದ್ದು, ನಿಧಾನಕ್ಕೆ ಸುತ್ತು ಹಾಕುತ್ತಿತ್ತು.

"ಅದ್ಯಾಕ ಹಂಗ ಸಾವಕಾಶ ಹೊಂಟೈತಿ?" ಎಂದಳು.

"ಎರಡು ರೆಕ್ಕಿ ಅದಾವಲ್ಲ, ಗಾಳಿ ಹೆಚ್ಚು ಹಿಡಿತೈತಿ," ಎಂದೆ. ಕಾಗವಾಡದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಪಂಪಿನ ಮೋಟರ್ ಬಿಟ್ಟರೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ, ಊಹೆ ಮಾಡಿ ಹೇಳಿದ್ದೆ.

ಆ ವಿಮಾನ ನೆಲಕ್ಕಿಳಿದು, ಹುಲ್ಲಿನಲ್ಲಿ ಎರಡು ಸಲ ಪುಟಿದು ನಿಂತಿತು. "ನಮಗೂ ಒಂದು ಬೇಕಲೇ," ಎಂದಳು ಅಕ್ಕ.

ನನಗೆ ನಗು ಬಂತು, ಆದರೆ ಆಶ್ಚರ್ಯ ಅದಕ್ಕಿಂತ ಹೆಚ್ಚು. ಅಪ್ಪ ತೀರಿಕೊಂಡ ಮೇಲೆ ಅಕ್ಕ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ದೀಪಾವಳಿಗೆ ಸೀರೆ ತಂದರೆ, ಅದನ್ನು ಉಡುವುದಕ್ಕೆ ಮುಂಚೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು. ಮದುವೆಯ ಮಾತು ತಂದವರನ್ನು ಚಹಾ ಕೊಟ್ಟು ಕಳಿಸುತ್ತಿದ್ದಳು. ಆಗ ಅವಳಿಗೆ ಮೂವತ್ತು ದಾಟಿತ್ತು. ನಾನು ನಾಲ್ಕು ವರ್ಷ ಸಣ್ಣವನು.

ಅಲ್ಲಿಂದ ನಮ್ಮ ಆರಿಸುವ ಕೆಲಸ ಶುರುವಾಯಿತು. ಅದು ಎರಡು ವರ್ಷ ನಡೆಯಿತು. ಚಿಕ್ಕೋಡಿಗೆ ಹೋದಾಗೆಲ್ಲ ಸೈಬರ್ ಕೆಫೆಯಲ್ಲಿ ಕೂತು ವಿಡಿಯೋ ನೋಡುತ್ತಿದ್ದೆವು. ಅವು ತಡೆದು ತಡೆದು ಬರುತ್ತಿದ್ದವು. ವಿಮಾನ ಆಕಾಶದಲ್ಲೇ ನಿಂತುಬಿಡುತ್ತಿತ್ತು, ನಾವು ಕಾಯುತ್ತಿದ್ದೆವು. ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಮಾಳಿಗೆ ಹತ್ತಿದರೆ ಅದೇ ಮಾತು. ಎಷ್ಟು ದೊಡ್ಡದಿರಬೇಕು? ಬೈಕಿನ ಹಿಂದೆ ಕೂತವಳು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು. ಎಲ್ಲಿ ಹಾರಿಸುವುದು? ಸೋಯಾಬಿನ್ ಕಿತ್ತ ಮೇಲೆ ನಮ್ಮ ಹೊಲದಲ್ಲೇ. ಬಣ್ಣದ ವಿಷಯದಲ್ಲಿ ಮಾತ್ರ ಜಗಳ. ನನಗೆ ಕೆಂಪು ಬೇಕಿತ್ತು. ಅವಳು ಹಳದಿ ಬಿಟ್ಟು ಕದಲಲಿಲ್ಲ.

"ಎಣ್ಣಿ ಹಾಕೂ ಇಂಜಿನ್ ಆದ್ರ ಆವಾಜ ಚಲೋ ಬರ್ತೈತಿ," ಎಂದೆ ಒಂದು ಸಂಜೆ.

"ಬ್ಯಾಡ. ಹೊಗಿ, ಎಣ್ಣಿ ಎಲ್ಲಾ ಹೊಲದಾಗ ಸಿಡಿತೈತಿ. ಬ್ಯಾಟರೀದ ಇರಲಿ," ಎಂದಳು. ಆಮೇಲೆ ಕೇಳಿದಳು: "ಪಂಖಾಕ್ಕ ಹುಳಾ ಬಡಿತಾವೇನು?"

"ಬಡದ್ರೂ ಬಡಿಬಹುದು."

"ಹಂಗಾದ್ರ ಸಂಜಿಕ ಹಾರಿಸೂದು ಬ್ಯಾಡ. ಆಗ ಹುಳಾ ಭಾಳ."

ಹೀಗೆ ಇನ್ನೂ ಬಂದಿರದ ವಿಮಾನಕ್ಕೆ ಹಾರುವ ವೇಳೆಯೂ ನಿಗದಿಯಾಯಿತು. ಅವ್ವ ಕೆಳಗಿನಿಂದ, "ಇಬ್ಬರೂ ಹುಚ್ಚರಾಗೀರೇನು?" ಎಂದು ಕೂಗುತ್ತಿದ್ದಳು. ಆ ಸಂಜೆಗಳಲ್ಲಿ ನಮಗೆ ವಿಮಾನ ಇರಲಿಲ್ಲ. ಆದರೂ ಆಮೇಲೆ ನಾನು ಹಂಬಲಿಸಿದ್ದು ಆ ಸಂಜೆಗಳಿಗೇ.

ಕಡೆಗೆ ಒಂದು ರಜೆಯಲ್ಲಿ ರೈಲು ಹಿಡಿದು ಪುಣೆಗೆ ಹೋದೆವು. ಮಹಡಿಯ ಮೇಲೆ ಸಣ್ಣ ಅಂಗಡಿ. ಛತ್ತಿನಿಂದ ದಾರ ಕಟ್ಟಿ ವಿಮಾನಗಳನ್ನು ತೂಗುಹಾಕಿದ್ದರು. ಕೂದಲು ನರೆತ ಅಂಗಡಿಯವರು ಅಕ್ಕನನ್ನು ನೋಡಿ ಮರಾಠಿಯಲ್ಲಿ, "ಕುಣಾಸಾಠಿ? ಮುಲಾಸಾಠಿ?" ಎಂದರು, ಯಾರಿಗೆ, ಮಗನಿಗಾ ಅಂತ.

"ಮಾಝ್ಯಾಸಾಠಿ," ಎಂದಳು ಅಕ್ಕ. ನನಗೇ ಬೇಕು.

ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಅವಳನ್ನು ನೋಡಿದರು. ಆಮೇಲೆ ಕಲಿಯುವವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಮೊದಲ ವಿಮಾನ ಒಂಟಿ ರೆಕ್ಕೆಯದೇ ಇರಬೇಕು, ರೆಕ್ಕೆ ಮೇಲುಗಡೆ ಇದ್ದರೆ ತಾನೇ ಸಮತೋಲ ಹಿಡಿಯುತ್ತದೆ. ಜೋಡಿ ರೆಕ್ಕೆಯದು ಗಾಳಿಗೆ ಹೊಯ್ದಾಡುತ್ತದೆ, ಬಿದ್ದರೆ ಎರಡು ರೆಕ್ಕೆ ದುರಸ್ತಿ ಮಾಡಬೇಕು. ಅದನ್ನು ಎರಡನೆಯದಾಗಿಯೋ ಮೂರನೆಯದಾಗಿಯೋ ತೆಗೆದುಕೊಳ್ಳಿ ಎಂದರು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ನೀವು ಹೇಳೋದು ಸರಿ. ಆದರೆ ನನಗೆ ಎರಡನೆಯದು ಇರುವುದಿಲ್ಲ," ಎಂದಳು. ಒಂದೇ ಕೊಳ್ಳುವ ಮಾತು ಅದು ಎಂದುಕೊಂಡೆ.

ಅವರು ಜೋಡಿ ರೆಕ್ಕೆಯ ಎರಡು ವಿಮಾನಗಳನ್ನು ಕೆಳಗಿಳಿಸಿದರು. ಒಂದು ಕಟ್ಟಿಗೆಯದು, ಕೆಂಪು ಹಾಳೆ ಹೊದಿಸಿದ್ದು, ಮದುಮಗನ ಪೇಟದ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಥರ್ಮಾಕೋಲಿನಂಥ ಹಗುರ ವಸ್ತುವಿನದು, ಹಳದಿ. ಅಗಲ ಎರಡು ಮೊಳ ಇದ್ದೀತು. ಅದರ ಹೊಟ್ಟೆಯ ಮೇಲೆ ಕಪ್ಪು ಪಟ್ಟೆ ಬಳಿದಿದ್ದರು, ದೂರ ಹೋದಾಗ ಮೇಲು ಯಾವುದು ಕೆಳಗು ಯಾವುದು ತಿಳಿಯಲಿ ಅಂತ. ಅಕ್ಕ ಅದರ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದಳು. ಅದು ಅವಳ ಬೆರಳ ಮೇಲೆ ಅಲುಗಾಡದೆ ನಿಂತಿತು. ಎಷ್ಟು ಹೊತ್ತು ಹಾಗೇ ಹಿಡಿದಿದ್ದಳೋ. ಆಮೇಲೆ ಕೆಳಗಿಟ್ಟು, "ಇವತ್ತು ಬ್ಯಾಡ, ನಡಿ," ಎಂದಳು.

ತಿರುಗಿ ಬರುವಾಗ ಸಾತಾರ ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ಅವಳು ಒಂದೇ ಚಪಾತಿ ತಿಂದು ಕೈ ತೊಳೆದಳು. ಕಿಟಕಿಯಾಚೆ ಇನ್ನೂ ಬೆಳಕಿತ್ತು.

"ನಾ ಮಹಾರಾಜರನ್ನ ಕೇಳೀನಿ," ಎಂದಳು. ನಮ್ಮ ಜೈನರಲ್ಲಿ ಮುನಿಗಳನ್ನು ಹಾಗೆ ಕರೆಯುತ್ತೇವೆ. "ಹೂಂ ಅಂದಾರ."

"ಏನ ಕೇಳಿದಿ?"

"ದೀಕ್ಷಾ."

ನನ್ನ ಬಾಯಿಂದ ಮೊದಲು ಹೊರಟದ್ದು, "ಮತ್ತ ವಿಮಾನ?" ಎಂಬ ಮಾತು. ಅವ್ವನ ಗತಿಯೇನು, ನನ್ನ ಗತಿಯೇನು ಎಂದೆಲ್ಲ ಆಮೇಲೆ ಹೊಳೆಯಿತು.

"ಹಳದೀದು ನೀ ತಗೋ. ಕಟ್ಟಗೀದು ಬಿದ್ರ ನೀ ತಿಂಗಳಾನಗಟ್ಲೆ ಅದನ್ನ ಹಿಡಕೊಂಡು ಕುಂದರ್ತಿ. ಇದಕ್ಕ ಅಂಟು ಹಚ್ಚಿದ್ರ ಆತು."

"ನೀ ಇರೂದಿಲ್ಲ ಅಂದ್ಮ್ಯಾಲ ನಾ ತಗೊಂಡ ಏನ ಮಾಡ್ಲಿ?"

"ಹಾರಸು."

ನನಗೆ ಸಿಟ್ಟು ಬಂತು. "ಎಲ್ಲಾ ಬಿಡಾಕಿ ಇದ್ದಿ, ಮತ್ತ ಇಷ್ಟ ದೂರ ಆರಿಸಾಕ ಯಾಕ ಬಂದಿ?"

ಅಕ್ಕ ಬುತ್ತಿಯ ಗಂಟು ಬಿಗಿದಳು. "ಬೇಕಾಗಿತ್ತಲೇ," ಎಂದಳು. "ಖರೇನ ಬೇಕಾಗಿತ್ತು. ಬೇಕಾಗಿಲ್ಲ ಅಂತ ಸುಳ್ಳ ಹೇಳಿ ಹೋಗಬಾರದು ಅನಿಸ್ತು."



ದೀಕ್ಷೆ ನಮ್ಮೂರಲ್ಲೇ ಆಯಿತು. ಹಿಂದಿನ ದಿನ ರೇಷ್ಮೆ ಸೀರೆ ಉಡಿಸಿ, ಹಾರ ಹಾಕಿ, ಮದುಮಗಳ ಹಾಗೆ ಮೆರವಣಿಗೆ ಮಾಡಿದರು. ಮರುದಿನ ಮಂಟಪದಲ್ಲಿ ಕೇಶಲೋಚ. ಅಷ್ಟು ಉದ್ದ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವಾಗ ಅವಳ ಮುಖದ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ನಾನು ನನ್ನ ಕಾಲ ಬೆರಳು ನೋಡುತ್ತಿದ್ದೆ. ಬಿಳಿ ಸೀರೆ ಉಡಿಸಿ, ಹುಳ ಸಾಯದಂತೆ ಸರಿಸುವ ನವಿಲುಗರಿಯ ಪಿಂಛಿ ಮತ್ತು ಕಮಂಡಲ ಕೊಟ್ಟರು. ಮೈಕಿನಲ್ಲಿ ಹೊಸ ಹೆಸರು ಕೂಗಿದರು. ಜನ ಜಯಕಾರ ಹಾಕಿದರು.

ಮಂಟಪದಿಂದ ಇಳಿದು ನನ್ನ ಮುಂದೆ ಹಾಯುವಾಗ ಬಾಯಿತಪ್ಪಿ "ಅಕ್ಕಾ" ಎಂದೆ. ಪಕ್ಕದ ಹಿರಿಯರೊಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು, "ಮಾತಾಜಿ ಅನ್ನಬೇಕಪಾ ಇನ್ನ," ಎಂದರು. ಅವಳು ತಿರುಗಿ ನೋಡಲಿಲ್ಲ. ಅವತ್ತಿನಿಂದ ನನ್ನ ಮಾತಿನಲ್ಲಿ ಅವಳು ಹೋಗಿ ಅವರು ಆಯಿತು. ಕೆಲವು ದಿನಗಳಲ್ಲಿ ಮಾತಾಜಿಯರ ಸಂಘದ ಜತೆ ಬರಿಗಾಲಲ್ಲಿ ಅಥಣಿಯ ಹಾದಿ ಹಿಡಿದು ಹೋದರು.

ಮನೆಯಲ್ಲಿ ಅವರ ಸೀರೆಗಳನ್ನೆಲ್ಲ ಅವ್ವ ಹಂಚಿಬಿಟ್ಟಳು, ಒಂದು ನೂಲಿನದನ್ನು ಬಿಟ್ಟು. ಮಾಳಿಗೆ ಹತ್ತುವುದು ನಾನು ಬಿಟ್ಟೆ. ಒಂದು ವರ್ಷ ಕಳೆದ ಮೇಲೆ ಅವ್ವನೇ, "ಆ ವಿಮಾನದ್ದೇನ ಆತೋ?" ಎಂದಳು. ಅವಳಿಗೂ ಮನೆಯಲ್ಲಿ ಆ ಮಾತು ಬೇಕಾಗಿತ್ತೋ ಏನೋ.

ಒಬ್ಬನೇ ಪುಣೆಗೆ ಹೋದೆ. ಅಂಗಡಿಯವರಿಗೆ ಗುರುತಿತ್ತು. "ತಾಈ ಆಲ್ಯಾ ನಾಹೀತ?" ಎಂದರು. ಅಕ್ಕ ಬರಲಿಲ್ಲವೇ ಎಂದು. "ಇಲ್ಲ, ನನ್ನನ್ನೇ ಕಳಿಸಿದ್ದಾರೆ," ಎಂದೆ. ಕೆಂಪನೆಯದು ಇನ್ನೂ ಅಲ್ಲೇ ತೂಗುತ್ತಿತ್ತು. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದೆ. ತಿರುಗಿ ಕೊಟ್ಟು ಹಳದಿಯದು ಕಟ್ಟಿಸಿಕೊಂಡೆ.

ಅಂಗಡಿಯವರು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಸೋಯಾಬಿನ್ ಕಿತ್ತ ಹೊಲದಲ್ಲಿ ಮೊದಲ ದಿನ ಮೇಲೇರಿದ್ದೇ ಗಾಳಿಗೆ ಮಗ್ಗುಲಾಗಿ ಮೂತಿ ಅಡಿಯಾಗಿ ಬಿತ್ತು. ಅಂಟು ಹಚ್ಚಿದೆ. ಎರಡನೆಯ ಸಲ ಬದುವಿನ ಜಾಲಿಗೆ ಸಿಕ್ಕಿತು. ಮತ್ತೆ ಅಂಟು. ಮುಂಜಾನೆ ಗಾಳಿ ಏಳುವ ಮುಂಚೆ ಹೋಗಬೇಕು ಎಂದು ಬಿದ್ದು ಬಿದ್ದು ಕಲಿತೆ. ಒಂದು ಮುಂಜಾನೆ ಅದು ಏರಿತು, ನಾನು ಹೇಳಿದ ಕಡೆ ತಿರುಗಿತು, ಪಕ್ಕದ ಕಬ್ಬಿನ ಮೇಲೆ ಆತುರವಿಲ್ಲದೆ ಸುತ್ತು ಹಾಕಿತು. ಚಿಕ್ಕೋಡಿಯಲ್ಲಿ ಕಂಡ ಹಾಗೆಯೇ. "ನೋಡು, ನೋಡು!" ಎಂದು ಕೂಗಿ ಎಡಕ್ಕೆ ತಿರುಗಿದೆ. ಎಡಕ್ಕೆ ಖಾಲಿ ಹೊಲ ಇತ್ತು. ಆ ಹೊತ್ತಿನಲ್ಲಿ ವಿಮಾನ ಬೀಳದಿದ್ದದ್ದೇ ಹೆಚ್ಚು.

ಅದನ್ನು ಮನೆಗೆ ತಂದಿಟ್ಟಾಗ ಧೂಳು ಕೂಡದಿರಲಿ ಎಂದು ಅವ್ವ ಆ ನೂಲಿನ ಸೀರೆ ಹೊದಿಸಿದಳು. 

ಮುಂದೆ ಒಂದು ವರ್ಷ ಸಂಘದ ಚಾತುರ್ಮಾಸ ಅಕ್ಕೋಳದಲ್ಲಿ ಎಂದು ಸುದ್ದಿ ಬಂತು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ. ಅವ್ವನನ್ನು ಕರೆದುಕೊಂಡು ನಿಪ್ಪಾಣಿ ಬಸ್ ಹಿಡಿದು ಹೋದೆ. ಸಾಲಿನಲ್ಲಿ ಕೂತು "ವಂದಾಮಿ ಮಾತಾಜಿ" ಎಂದೆ. ಪಿಂಛಿ ಎತ್ತಿ, ಎಲ್ಲರಿಗೂ ಹೇಳಿದ್ದನ್ನೇ ನನಗೂ ಹೇಳಿದರು: "ಸದ್ಧರ್ಮ ವೃದ್ಧಿರಸ್ತು." ಸೊರಗಿದ್ದರು. ಅವ್ವ ಅವರನ್ನೇ ನೋಡುತ್ತಿದ್ದಳು, ಹಿಂದಿನವರು ಜರುಗಿ ಎನ್ನುವ ತನಕ. ಹೇಳಬೇಕೆಂದು ತಂದ ಮಾತು ನನ್ನ ಬಾಯಲ್ಲೇ ಉಳಿಯಿತು.

ದೀಪಾವಳಿ ಮುಗಿದು ಸಂಘ ಚಿಕ್ಕೋಡಿಯತ್ತ ಹೊರಟ ದಿನ ನಾನೊಬ್ಬನೇ ಮತ್ತೆ ಹೋದೆ. ಭಕ್ತರು ಒಂದಷ್ಟು ದೂರ ಜೊತೆಗೆ ನಡೆಯುವ ರೂಢಿ ಇದೆ. ಚಪ್ಪಲಿ ಕೈಚೀಲಕ್ಕೆ ಹಾಕಿ ಹಿಂದಿನಿಂದ ನಡೆದೆ. ಅಂಗಾಲಿಗೆ ರಸ್ತೆಯ ಕಡಿಕಲ್ಲು ಒತ್ತುತ್ತಿತ್ತು. ಮಾತಾಜಿ ಮುಂದೆ, ನೆಲ ನೋಡುತ್ತ, ಒಂದೇ ನಡಿಗೆಯಲ್ಲಿ ಹೋಗುತ್ತಿದ್ದರು. ಒಂದು ಶಾಲೆಯ ಕಟ್ಟೆಯ ಮೇಲೆ ಸಂಘ ಸ್ವಲ್ಪ ಕೂತಿತು. ನಾನು ದೂರ ನಿಂತೆ. ಅವರು ತಾವಾಗಿಯೇ ಕೇಳಿದರು, "ತಾಯಿಯವರ ಆರೋಗ್ಯ ಹೆಂಗೈತಿ?"

"ಚಲೋ ಐತ್ರಿ ಮಾತಾಜಿ." ಆಮೇಲೆ ತಡೆಯಲಾಗಲಿಲ್ಲ. "ಹಳದೀದು ತಗೊಂಡ್ನ್ರಿ. ಚಂದ ಹಾರತೈತ್ರಿ."

ಅವರು ನನ್ನನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ. "ಇಳಿಸೂದು ಕಲತ್ಯಾ?" ಎಂದರು.

"ಇನ್ನೂ ಪುಟಿತೈತ್ರಿ."

ತುಟಿಯಂಚಿಗೆ ಏನೋ ಬಂತು, ಅಥವಾ ಬಂತು ಎಂದು ನನಗನಿಸಿತು. ಅಷ್ಟರಲ್ಲಿ ಯಾರೋ ದರ್ಶನಕ್ಕೆ ಬಂದರು. ಸಂಘ ಎದ್ದಿತು.

ನಾನು ಕಾಗವಾಡಕ್ಕೆ, ಅಂಗಡಿಗೆ ತಿರುಗಬೇಕಿತ್ತು. ಅಲ್ಲೇ ನಿಂತು ಚಿಕ್ಕೋಡಿಯ ಬಸ್ಸಿಗೆ ಕಾದೆ. ಬಸ್ ಹತ್ತಿದ ಸ್ವಲ್ಪ ಹೊತ್ತಿಗೆ ರಸ್ತೆಯ ಎಡಬದಿಗೆ ಬಿಳಿ ಸೀರೆಗಳ ಸಾಲು ಕಂಡಿತು. ಯಾರು ಯಾರೆಂದು ಹಿಂದಿನಿಂದ ತಿಳಿಯುವಂತಿರಲಿಲ್ಲ. ಡ್ರೈವರ್ ವೇಗ ಇಳಿಸಿ ಸಾಲನ್ನು ದಾಟಿದ. ನಾನು ಕಿಟಕಿಯಲ್ಲಿ ಕೈ ಮುಗಿದೆ. ಅವರೆಲ್ಲ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ, ಚಿಕ್ಕೋಡಿ ಎಂದೆ.